ಬಂಡೆಯಿಂದ ನಲವತ್ತು ಹೆಜ್ಜೆ

ಜಾಲಹಳ್ಳಿ ಕಡೆಯ ಆ ಕಾರ್ಖಾನೆಯಲ್ಲಿ ಕೃಷ್ಣವೇಣಿಯನ್ನು ಜನ ‘ಮಾತಿನ ಡಾಕ್ಟ್ರಮ್ಮ’ ಎನ್ನುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಗೇಲಿ. ಗುಳಿಗೆ ಕೊಡುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ಕೂರಿಸಿಕೊಂಡು ಮಾತಾಡಿಸುತ್ತಾಳೆ, ಅದಕ್ಕೂ ತಿಂಗಳಾದರೆ ಸಂಬಳ ಕೊಡುತ್ತಾರಲ್ಲಪ್ಪಾ ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದರು. ನಕ್ಕವರೇ, ಮನೆಯಲ್ಲಿ ಹೆಂಡತಿ ಮೂರು ದಿನ ಅನ್ನ ಬಿಟ್ಟು ಗೋಡೆ ನೋಡುತ್ತ ಕೂತರೆ, ಇವಳ ಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು. ಅದು ಬೇರೆ ಮಾತು.

ಎಪ್ಪತ್ತೈದರಲ್ಲಿ ಕೆಲಸಕ್ಕೆ ಸೇರಿದಾಗ ಅವಳ ತಲೆಯ ತುಂಬ ಕಾಲೇಜಿನ ಪುಸ್ತಕವಿತ್ತು. ಮೇಜಿನ ಆ ಕಡೆ ಕಾರ್ಮಿಕನನ್ನು ಕೂರಿಸಿ, ಪುಸ್ತಕ ಹೇಳಿಕೊಟ್ಟ ಹಾಗೆಯೇ ಕೇಳುತ್ತಿದ್ದಳು: “ನಿಮ್ಮ ಮನಸ್ಸಿಗೆ ಏನನ್ನಿಸ್ತಿದೆ, ಬಿಚ್ಚಿ ಹೇಳಿ.” ಆತ ಚಾವಣಿ ನೋಡುತ್ತಿದ್ದ, ನೆಲ ನೋಡುತ್ತಿದ್ದ, ಕೊನೆಗೆ “ಏನೂ ಇಲ್ಲ ಕಣಮ್ಮಾ, ಎಲ್ಲಾ ಚೆಂದಾಗೈತೆ” ಎಂದು ಎದ್ದು ಹೋಗುತ್ತಿದ್ದ. ಆರು ತಿಂಗಳು ಹೀಗೇ ಕಳೆಯಿತು. ಒಬ್ಬನೇ ಒಬ್ಬ ಬಾಯಿ ಬಿಡಲಿಲ್ಲ.

ಆಮೇಲೆ ಅವಳಿಗೇ ರೋಸಿ ಹೋಗಿ ಮೇಜನ್ನು ಗೋಡೆಗೆ ತಳ್ಳಿದಳು. ಒಂದು ಉದ್ದನೆಯ ಬೆಂಚು ಹಾಕಿಸಿ ತಾನೂ ಅದರ ಮೇಲೇ ಕೂತಳು. ಮನಸ್ಸಿನ ಸುದ್ದಿ ಬಿಟ್ಟು ನಿದ್ದೆಯ ಸುದ್ದಿ ಕೇಳಿದಳು, ಊಟ ಸೇರುತ್ತದಾ ಕೇಳಿದಳು, ಮನೆದೇವರು ಯಾವುದು, ಹೋಗಿ ಎಷ್ಟು ದಿನವಾಯಿತು ಕೇಳಿದಳು. “ಎದೆ ಮ್ಯಾಲೆ ಕಲ್ಲು ಮಡಗ್ದಂಗಾಯ್ತದೆ” ಎಂದವನಿಗೆ “ಎಷ್ಟು ದೊಡ್ಡ ಕಲ್ಲು?” ಎಂದಳು. “ಗಾಳಿ ಸೋಕೈತೆ” ಎಂದವಳಿಗೆ “ಎಲ್ಲಿ ಸೋಕಿದ್ದು, ಜೊತೇಲಿ ಯಾರಿದ್ರು?” ಎಂದಳು. ಮನೆಗಳಿಗೂ ಹೋಗಿ, ಕೊಟ್ಟ ಕಡೆ ಕಾಫಿ ಕುಡಿದು ಬರುತ್ತಿದ್ದಳು. ಅತ್ತೆಗೆ ಗೊತ್ತಾಗಿದ್ದರೆ ಬಚ್ಚಲಿಗೆ ಅಟ್ಟಿ ತಲೆಗೆ ನೀರು ಹುಯ್ಯಿಸುತ್ತಿದ್ದರೇನೋ, ಅವಳು ಹೇಳಲಿಲ್ಲ.

ಹೀಗೆ ಐದಾರು ವರ್ಷದಲ್ಲಿ ಕೃಷ್ಣವೇಣಿಗೆ ಕೊಂಚ ಹೆಮ್ಮೆಯೂ ಬಂತು. ಪರದೇಶದ ಪುಸ್ತಕಕ್ಕೆ ನಮ್ಮವರ ಸಂಕಟ ಏನು ಗೊತ್ತು, ನಾನು ಇಲ್ಲೇ ಹುಟ್ಟಿದವಳು, ನನಗೆ ಗೊತ್ತು ಎನ್ನುವ ಹೆಮ್ಮೆ. ಇಲ್ಲೇ ಹುಟ್ಟಿದ ಮಾತ್ರಕ್ಕೆ ಎಲ್ಲರ ಮನೆಯೊಳಗೂ ಹುಟ್ಟಿದ ಹಾಗಾಗುವುದಿಲ್ಲ ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಅವಳು ಹುಟ್ಟಿದ್ದು ಯಶವಂತಪುರದಲ್ಲಿ. ತಂದೆ ಶೇಷಗಿರಿರಾಯರು ರೈಲ್ವೆಯಲ್ಲಿ ಗುಮಾಸ್ತರು. ಟೆಲಿಫೋನ್ ಇಲಾಖೆಯ ಉಪೇಂದ್ರನಿಗೆ ಕೊಟ್ಟು ಮದುವೆ ಮಾಡಿದರು. ಅರವತ್ತೆಂಟರಲ್ಲಿ ತೌರಿನಲ್ಲೇ ಮೊದಲ ಹೆರಿಗೆ, ಹೆಣ್ಣುಮಗು. ಒಂಬತ್ತನೆಯ ದಿನ ಬೆಳಿಗ್ಗೆ ಕೂಸು ಹಾಲು ಕಚ್ಚಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಸುದ್ದಿ ತಿಳಿದು ಓಡಿಬಂದ ಮಾವನವರೂ ಉಪೇಂದ್ರನೂ ಅದನ್ನು ಬಿಳೀ ಪಂಚೆಯಲ್ಲಿ ಸುತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಹೋದರು, ಒಂದು ಗಂಟೆಯಲ್ಲಿ ಬಂದು ಸ್ನಾನ ಮಾಡಿದರು. ಎಲ್ಲಿಗೆ ಒಯ್ದರು ಎಂದು ಬಾಣಂತಿ ಕೋಣೆಯಿಂದ ಅವಳು ಕೇಳಿದಾಗ ಮಾವನವರು ಬಾಗಿಲಾಚೆ ನಿಂತೇ ಹೇಳಿದರು: “ಹಲ್ಲು ಹುಟ್ಟದ ಕೂಸಿಗೆ ಸೂತಕವೂ ಇಲ್ಲ, ತಿಥಿಯೂ ಇಲ್ಲ. ಮರೆತುಬಿಡು ತಾಯಿ.” ಹಾಲು ಇಂಗಲಿ ಎಂದು ಅಮ್ಮ ಎದೆಗೆ ಮಲ್ಲಿಗೆ ಹೂವಿಟ್ಟು ಬಟ್ಟೆ ಬಿಗಿದಳು. ಹೂವು ಬಾಡಿ ಕಂದಿ ನಾತ ಬರುವವರೆಗೆ ಬಿಚ್ಚಲಿಲ್ಲ. ಆವತ್ತಿನಿಂದ ಕೃಷ್ಣವೇಣಿ ಮಲ್ಲಿಗೆ ಮುಡಿದವಳಲ್ಲ.

ಆಮೇಲೆ ಎರಡು ಗಂಡುಮಕ್ಕಳಾದವು. ಮಂಕಾಗಿ ಕೂರುವುದಕ್ಕಿಂತ ಓದಿಕೊಳ್ಳಲಿ ಎಂದು ಮನೆಯವರೇ ಕಾಲೇಜಿಗೆ ಕಳಿಸಿದರು. ಮಾವನವರು ತೀರಿಕೊಂಡರು, ಆರ್.ಟಿ. ನಗರದಲ್ಲಿ ಮನೆಯಾಯಿತು. ಯಾರಾದರೂ ಎಷ್ಟು ಮಕ್ಕಳು ಎಂದರೆ ನಾಲಿಗೆ ತಾನೇ “ಇಬ್ರು” ಎನ್ನುತ್ತಿತ್ತು. ಉಪೇಂದ್ರನೂ ಅದರ ಸುದ್ದಿ ಎತ್ತಿದವನಲ್ಲ. ಮೊದಲೇ ಮಾತು ಕಡಿಮೆಯ ಮನುಷ್ಯ. ದಿನಾ ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿನವರೆಗೆ ಬಂದು, ಅವಳ ಊಟದ ಡಬ್ಬಿ ಕೈಗೆ ಕೊಟ್ಟು, “ಎಡಗಡೆ ಕಿಟಕಿ ಹಿಡ್ಕೋ, ಗಾಳಿ ಬರತ್ತೆ” ಎನ್ನುತ್ತಿದ್ದ. ಮಳೆ ಬಂದರೂ ಅದೇ ಮಾತು, ಚಳಿಗಾಲದಲ್ಲೂ ಅದೇ ಮಾತು. ಊರಿಗೆಲ್ಲ ಮಾತಿನ ಡಾಕ್ಟ್ರಮ್ಮ, ಮನೇಲಿ ಗಂಡನ ಬಾಯಿಂದ ಮಾತ್ರ ಎರಡನೇ ಮಾತು ಹೊರಡಿಸಲಾರೆ ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ಎಂಬತ್ತೊಂದರ ಶ್ರಾವಣದಲ್ಲಿ ಕದಿರಪ್ಪ ಬಂದ.

ಕಾರ್ಖಾನೆ ಬರುವ ಮೊದಲಿಂದಲೂ ಅಲ್ಲಿದ್ದ ಹಳ್ಳಿಯ ಮನುಷ್ಯ, ನಲವತ್ತರ ಆಸುಪಾಸು. ಕಾರ್ಖಾನೆಯ ಬೇಲಿಯೊಳಗೆ ಹೋದ ಹೊಲಗಳಲ್ಲಿ ಅವನ ರಾಗಿ ಹೊಲವೂ ಒಂದು. ಹೊಲಕ್ಕೆ ಬದಲಾಗಿ ಸಿಕ್ಕ ಕೆಲಸದಲ್ಲಿ ಹದಿಮೂರು ವರ್ಷ ಒಂದು ದಿನವೂ ತಕರಾರಿಲ್ಲದೆ ದುಡಿದಿದ್ದ. ಹೋದ ವರ್ಷ ಹೊಸ ಶೆಡ್ಡು ಕಟ್ಟಿ ಅವನನ್ನು ಅಲ್ಲಿಯ ತಗಡು ಒತ್ತುವ ಪ್ರೆಸ್ಸಿಗೆ ಹಾಕಿದರು, ಮೂರನೆಯ ತಿಂಗಳಿಗೆ ಬಲಗೈ ನಿಂತುಹೋಯಿತು. ಯಂತ್ರದ ಹಿಡಿ ಹತ್ತಿರ ಒಯ್ದರೆ ಬೆರಳು ಮಡಚುವುದೇ ಇಲ್ಲ. ಕ್ಯಾಂಟೀನಿನಲ್ಲಿ ಅದೇ ಕೈಯಲ್ಲಿ ಮುದ್ದೆ ಮುರಿಯುತ್ತಾನೆ, ಬೀಡಿ ಹಚ್ಚುತ್ತಾನೆ! ವೈದ್ಯರು ನರ ನೋಡಿದರು, ಮೂಳೆ ನೋಡಿದರು, ಏನೂ ಇಲ್ಲ ಎಂದರು. ಮೇಸ್ತ್ರಿಯಂತೂ ಕಳ್ಳಾಟ ಎಂದೇ ಬರೆದು ಕಳಿಸಿದ.

ಕೃಷ್ಣವೇಣಿಯ ಮೇಲಧಿಕಾರಿ ಸೇತುರಾಮ ಕಾಗದ ತೋರಿಸಿದರು. “ನೋಡಿ ಕೃಷ್ಣವೇಣಿಯವರೇ, ದಸರಾ ಮುಗಿದ ವಾರ ಮೆಡಿಕಲ್ ಬೋರ್ಡು ಕೂರತ್ತೆ. ಕಾರಣ ಇದೆ ಅಂತ ನೀವು ಬರ್ಕೊಟ್ರೆ ಬೇರೆ ಕೆಲಸಕ್ಕೆ ಹಾಕ್ತಾರೆ. ಇಲ್ಲಾಂದ್ರೆ ಮನೆಗೆ ಕಳಿಸ್ತಾರೆ. ಹೊಲಾನೂ ಹೋಯ್ತು, ಕೆಲಸಾನೂ ಹೋಯ್ತು ಅಂತಾಗತ್ತೆ ಪಾಪ.”

ಕದಿರಪ್ಪ ಬೆಂಚಿನ ತುದಿಯಲ್ಲಿ ಕೂತ. ನಿದ್ದೆ ಕೇಳಿದಳು, ಊಟ ಕೇಳಿದಳು, ಕಾರ್ಡು ನೋಡಿದಳು. ಹೆಂಡತಿ ಅಂಜಿನಮ್ಮ, ಮಕ್ಕಳು ಇಬ್ಬರು, ವಾಸ ಪಕ್ಕದ ಸಿಂಗಾಪುರವೆಂಬ ಹಳ್ಳಿ. ಎರಡನೆಯ ಸಲ ಬಂದಾಗ ಸ್ವಲ್ಪ ಸಲಿಗೆಯಾಯಿತು. ಮೂರನೆಯ ಸಲ ಅವನೇ ಹೆಗಲ ಟವೆಲನ್ನು ಹಿಂಡುತ್ತ ಬಾಯಿ ತೆರೆದ.

“ಅಮ್ಮಾ, ಒಂದ್ ಮಾತು ಕೇಳ್ಲಾ? ನಗಬಾರ್ದು.”

“ಕೇಳಿ.”

“ಐದ್ ತಿಂಗ್ಳ ಕೂಸು... ಓಗ್ಬುಟ್ಟಿದ್ರೆ... ಅದುಕ್ಕೆ ಎಡೆ ಇಕ್ಕೋದು ತಪ್ಪೋದ್ರೆ, ಏನಾರ ಆಯ್ತದಾ?”

 ಕೂಸಿನ ಮಾತಲ್ಲದೆ ಬೇರೆ ಏನಾಗಿದ್ದರೂ ಕೃಷ್ಣವೇಣಿ ಏನಾಯಿತು, ಎಲ್ಲಿ, ಯಾವಾಗ ಎಂದು ಮೆಲ್ಲಗೆ ಕೇಳುತ್ತಿದ್ದಳು. ಅವಳ ಕೆಲಸವೇ ಅದು. ಆದರೆ ಆ ಗಳಿಗೆಯಲ್ಲಿ ಬಾಯಿಂದ ಬಂದದ್ದು ಬಾಗಿಲಾಚೆ ನಿಂತಿದ್ದ ಮಾವನವರ ಮಾತು.

“ಹಲ್ಲು ಹುಟ್ಟದ ಕೂಸಿಗೆ ಸೂತಕವೂ ಇಲ್ಲ, ತಿಥಿಯೂ ಇಲ್ಲ ಕದಿರಪ್ಪ. ಅದಕ್ಕೆ ಯಾರೂ ಏನೂ ಮಾಡ್ಬೇಕಾಗಿಲ್ಲ. ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ.”

ಒಳ್ಳೆಯದಕ್ಕೇ ಹೇಳಿದ್ದು. ಹದಿಮೂರು ವರ್ಷ ತಾನು ನುಂಗಿಕೊಂಡಿದ್ದ ಕಹಿಯನ್ನೇ ಔಷಧಿ ಎಂದು ಕೊಟ್ಟಳು. ಕದಿರಪ್ಪ ಅವಳ ಮುಖವನ್ನೇ ನೋಡಿದ. “ಸರಿ ಕಣಮ್ಮಾ” ಎಂದ. ಎದ್ದ, ಟವೆಲು ಕೊಡವಿದ, ಹೋದ. ಮತ್ತೆ ಬೆಂಚಿನ ಕಡೆ ತಲೆ ಹಾಕಲಿಲ್ಲ, ಒಂದು ವಾರಕ್ಕೆಲ್ಲ ಕೆಲಸಕ್ಕೆ ಬರುವುದನ್ನೂ ಬಿಟ್ಟ.

ಮೂರು ವಾರ ಕಾದು, ಬೋರ್ಡಿನ ದಿನ ಹತ್ತಿರ ಬಂದಾಗ ಅವಳೇ ಸಿಂಗಾಪುರಕ್ಕೆ ಹೊರಟಳು. ಆವತ್ತು ಮಹಾಲಯ ಅಮಾವಾಸ್ಯೆ. ಮನೆಯಲ್ಲಿ ಉಪೇಂದ್ರ ಹಿರಿಯರಿಗೆ ಬಿಡುವ ತರ್ಪಣ ಬೆಳಿಗ್ಗೆಯೇ ಮುಗಿದಿತ್ತು. ಹಳ್ಳಿಯವರಿಗೆ ಅದು ಹಿರಿಯರ ಹಬ್ಬ, ತೀರಿಹೋದವರಿಗೆ ಎಡೆ ಇಟ್ಟು ಹೊಸ ಬಟ್ಟೆ ಇಡುವ ದಿನ ಎಂದು ಅವಳಿಗೆ ಗೊತ್ತಿತ್ತು. ಆದರೆ ಹಿರಿಯರ ಹಬ್ಬದಲ್ಲಿ ಐದು ತಿಂಗಳ ಕೂಸಿಗೂ ಪಾಲಿರುತ್ತದೆಂದು ಗೊತ್ತಿರಲಿಲ್ಲ.

ಕದಿರಪ್ಪನದು ಹೆಂಚಿನ ಮನೆ, ಹಿಂದೆ ಸಣ್ಣ ಹಿತ್ತಿಲು. ಅಂಜಿನಮ್ಮ ಎತ್ತರದ, ಗಟ್ಟಿ ಮೈಯ ಹೆಂಗಸು. “ಬನ್ನಿ ಬನ್ನಿ, ದೊಡ್ಡೋರ ಎಡೆ ಆಯ್ತು, ಈಗ ನಮ್ ಸಣ್ಣೋನ್ದು” ಎಂದು ಸಂಕೋಚವಿಲ್ಲದೆ ಅವಳನ್ನು ಹಿತ್ತಿಲಿಗೇ ಕರೆದೊಯ್ದಳು. ಬದನೆಗಿಡಗಳ ಪಕ್ಕ ಮೊಣಕಾಲುದ್ದದ ಒಂದು ಮಣ್ಣುಗುಡ್ಡೆ, ಮೇಲೆ ಅರಿಶಿನ ಕುಂಕುಮ. ಮುಂದೆ ಬಾಳೆಎಲೆ, ಹಾಲನ್ನ, ಬೆಲ್ಲ, ಒಂದು ಬಾಳೆಹಣ್ಣು. ಎಲೆಯ ಪಕ್ಕದಲ್ಲಿ ಗೇಣಗಲದ ಹಳದಿ ಅಂಗಿ.

“ವರ್ಸಾ ವರ್ಸಾ ಒಂದು ಒಸಾ ಅಂಗಿ ತತ್ತೀನಿ ಕಣಮ್ಮಾ. ಅದೇ ಅಳ್ತೆ. ಅದು ಬೆಳಿಯಾಕಿಲ್ವಲ್ಲ” ಎಂದು ಅಂಜಿನಮ್ಮ ನಕ್ಕಳು. “ಎಡೆ ಆದ್ಮೇಲೆ ಊರಾಗಿನ ಯಾವ್ದಾರ ಕೂಸ್ಗೆ ಆಕ್ತೀನಿ. ಎಲ್ಲಾರಂಗೆ ನಮ್ ಕೂಸಿನ ಗುಡ್ಡೇನೂ ಒಲದಾಗಿತ್ತು, ಒಂಗೆಮರದ ಬುಡ್ದಾಗೆ. ಬೇಲಿ ಆಕಿದ್ಮ್ಯಾಕೂ ಸಂದೀಲಿ ತೂರ್ಕಂಡೋಗಿ ಇಕ್ತಿದ್ದೆ. ಒಸಾ ಶೆಡ್ಡು ಕಟ್ತಾರೆ ಅಂದಾಗ ನಮ್ ಯಜಮಾನ್ರು ಓಗಿ ಕೂಸ್ನ ಎತ್ಕಂಡ್ ಬಂದು ಇಲ್ಲೇ ಮಡಗವ್ರೆ. ಈಗ ಕಣ್ ಮುಂದೇನೆ ಐತೆ.”

ಅವಳು ಮಂಡಿಯೂರಿ ಗುಡ್ಡೆಗೆ ಹಣೆ ಹಚ್ಚಿದಳು. ಕೃಷ್ಣವೇಣಿ ತಿರುಗಿ ನೋಡಿದರೆ ಕದಿರಪ್ಪ ಹಿತ್ತಿಲ ಬಾಗಿಲಲ್ಲೇ ಗೋಡೆಗೆ ಮುಖ ಮಾಡಿ ನಿಂತಿದ್ದ. ಕೈ ಮುಗಿಯಲಿಲ್ಲ.

ಬಸ್ಸಿನವರೆಗೆ ಬಿಟ್ಟುಬರುತ್ತೇನೆಂದು ಅವಳ ಜೊತೆ ಹೊರಟವನು ದಾರಿಯಲ್ಲಿ ಹುಣಸೆಮರದ ಹತ್ತಿರ ನಿಂತುಬಿಟ್ಟ.

“ಆ ಗುಡ್ಡೆ ಒಳ್ಗೆ ಏನೂ ಇಲ್ಲ ಕಣಮ್ಮಾ” ಎಂದ.

ಆಮೇಲೆ ಎಲ್ಲ ಹೇಳಿದ. ಗುದ್ದಲಿ ಹೊತ್ತು ಹೋದ ದಿನಕ್ಕೆ ಬುಲ್‌ಡೋಜರು ಒಂದು ದಿನ ಮುಂಚೆಯೇ ಬಂದು ಹೋಗಿತ್ತು. ಹೊಂಗೆಮರವೂ ಇಲ್ಲ, ಬದುವೂ ಇಲ್ಲ, ಕೆಂಪು ಮಣ್ಣು ಹಾಸಿಗೆ ಹಾಸಿದ ಹಾಗೆ ಒಂದೇ ಸಮ. ಬರಿಗೈಲಿ ಮನೆಗೆ ಹೋಗಲಾರದೆ ಕೆರೆಯಂಗಳದಿಂದ ಒಂದು ಮಂಕರಿ ಮಣ್ಣು ಹೊತ್ತು ತಂದು ಗುಡ್ಡೆ ಮಾಡಿ, ಕೂಸನ್ನು ತಂದಿದ್ದೇನೆ ಎಂದು ಹೆಂಡತಿಗೆ ಸುಳ್ಳು ಹೇಳಿದ. ಅವಳು ಆ ಗುಡ್ಡೆ ತಬ್ಬಿಕೊಂಡು ಅತ್ತಳು. ಆಮೇಲೆ ಅವನ ಗ್ರಹಚಾರ, ಹೊಸ ಶೆಡ್ಡಿನಲ್ಲೇ ಕೆಲಸ. ಕ್ಯಾಂಟೀನಿನ ಹಿಂದಿನ ಬಂಡೆ ಒಂದನ್ನು ಮಾತ್ರ ಒಡೆಯದೆ ಬಿಟ್ಟಿದ್ದರು. ಬಂಡೆಯಿಂದ ಹೊಂಗೆಮರಕ್ಕೆ ನಲವತ್ತು ಹೆಜ್ಜೆ ಎಂಬುದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಎಣಿಸಿಕೊಂಡು ಬಂದ. ನಲವತ್ತನೆಯ ಹೆಜ್ಜೆ ಅವನ ಪ್ರೆಸ್ಸಿನ ಮುಂದೆಯೇ ಬಿತ್ತು.

“ಈ ಕೈಯಾಗೇ ಮಣ್ ಆಕಿದ್ದು ಅಮ್ಮಾ ಅವತ್ತು. ಅದೇ ಕೈಯಾಗೆ ಇಡಿ ಎಳುದ್ರೆ ಮ್ಯಾಲಿಂದ ದಬಾರ್ ಅಂತ ಬೀಳ್ತದೆ, ಕೂಸಿನ ಎದೆ ಮ್ಯಾಲೆ ಬಿದ್ದಂಗೆ. ನಿಮ್ತಾವ ಏಳಾನ ಅಂತ ಬಂದೆ. ನೀವು ಏನೂ ಮಾಡ್ಬೇಕಾಗಿಲ್ಲ ಅಂದ್ಬುಟ್ರಿ.”

ಕೃಷ್ಣವೇಣಿ ನಾಚಿಕೆಯಿಂದ ಕುಗ್ಗಿಹೋದಳು. ಅವನ ಸಂಕಟ ಗಂಟಲಿಗೆ ಬಂದಿತ್ತು, ಇವಳೇ ಅದನ್ನು ಒಳಕ್ಕೆ ತಳ್ಳಿದ್ದಳು. ನನ್ನನ್ನು ಯಾರೂ ಅಳಲು ಬಿಡಲಿಲ್ಲವೆಂದು ಬೇರೆಯವರ ಅಳುವನ್ನೂ ಮುಚ್ಚಿಬಿಟ್ಟೆನಲ್ಲಾ! ಊರೂರ ಮನೆ ಕಾಫಿ ಕುಡಿದದ್ದೇ ಬಂತು, ಇವರ ಸತ್ತವರ ಲೆಕ್ಕ ಒಂದೂ ಕೇಳಲಿಲ್ಲವಲ್ಲಾ!

“ತಪ್ಪಾಯ್ತು ಕದಿರಪ್ಪ. ಅದು ನಮ್ಮನೆ ಮಾತು, ನಿಮ್ಮ ಮೇಲೆ ಹಾಕ್ಬಿಟ್ಟೆ.”

“ಅಂಜಿನಿಗೆ ಮಾತ್ರ ಏಳ್ಬ್ಯಾಡಿ. ನಿಮ್ ಕಾಲ್ಗೆ ಬೀಳ್ತೀನಿ.”

“ನಾನು ಹೇಳಲ್ಲ. ಆದ್ರೆ ನೀವು ಹೇಳ್ಬೇಕು.”

“ಅವ್ಳು ಸತ್ತೋಗ್ತಾಳೆ.”

“ಸಾಯಲ್ಲ” ಎಂದಳು ಕೃಷ್ಣವೇಣಿ. “ಎಲ್ಲಿದೆ ಅಂತ ಗೊತ್ತಿಲ್ದೇ ಇರೋದೇ ಸಾವು ಕದಿರಪ್ಪ. ನನಗೆ ಗೊತ್ತು. ಅಷ್ಟಕ್ಕೇ ಬಿಡಿ, ಯಾಕೆ ಅಂತ ಕೇಳ್ಬೇಡಿ.”

ಅವನು ಅವಳನ್ನು ಬಸ್ಸು ಹತ್ತಿಸಿ ಊರಿನ ಕಡೆ ತಿರುಗಿದ.

ಮೂರು ದಿನ ಬಿಟ್ಟು ಕದಿರಪ್ಪ ಆಫೀಸಿನ ಬಾಗಿಲಿಗೆ ಬಂದು, ಒಳಗೆ ಬರದೆ, ಹೊಸ್ತಿಲಾಚೆಯಿಂದಲೇ ಕೂಗಿದ. “ಏಳ್ದೆ ಅಮ್ಮಾ. ಒನಕೆ ತಗಂಡ್ಲು. ನನ್ಗೆ ಒಡೀಲಿಲ್ಲ, ಗುಡ್ಡೇನ ಬಡ್ದು ಬಡ್ದು ನೆಲ ಸಮ ಮಾಡುದ್ಲು. ಬಾಗಲಗುಂಟೆಗೆ ಅವ್ರಕ್ಕನ ಮನೀಗೆ ಒಂಟೋದ್ಲು. ನಿಮ್ ಮಾತ್ ಕಟ್ಕಂಡು ನನ್ ಸಂಸಾರ ಎಕ್ಕುಟ್ಟೋಯ್ತು, ತಿಳೀತಾ?” ಹಾಗೆಂದು ಹೊರಟೇಹೋದ. ಪಕ್ಕದ ಕೋಣೆಯವರೆಲ್ಲ ಇಣುಕಿ ನೋಡಿದರು.

ಹದ್ದು ಮೀರಿದೆನೇ ಎಂದು ಕೃಷ್ಣವೇಣಿಗೆ ಊಟ ಸೇರಲಿಲ್ಲ. ಮಾರನೆಯ ದಿನ ಬಾಗಲಗುಂಟೆಗೆ ಹೋದಳು. ಅಂಜಿನಮ್ಮ ಜಗುಲಿಯಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಬಂದವಳನ್ನು ನೋಡಿ ಕೂತ್ಕೊಳ್ಳಿ ಎನ್ನಲಿಲ್ಲ. ಇವಳೇ ಕೂತಳು.

“ಎಲ್ಡು ವರ್ಸ” ಎಂದಳು ಅಂಜಿನಮ್ಮ ಕೊನೆಗೆ. “ಎಲ್ಡು ವರ್ಸ ಕೆರೆ ಮಣ್ಣಿಗೆ ಆಲನ್ನ ಉಣ್ಸಿವ್ನಿ. ನನ್ ಕೂಸು ಅಲ್ಲಿ ಅಸ್ಕಂಡು ಕುಂತೈತೆ. ಅವ್ವ ಬರ್ನಿಲ್ವಲ್ಲಾ ಅಂತ ಬಾಗ್ಲು ನೋಡ್ಕಂಡು ಕುಂತೈತೆ.” ಮೊರ ಕೈಜಾರಿ ರಾಗಿ ಚೆಲ್ಲಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ಸಮಾಧಾನದ ಮಾತುಗಳು ಕೃಷ್ಣವೇಣಿಯ ನಾಲಿಗೆಯ ತುದಿಯಲ್ಲಿದ್ದವು. ಕಾಲೇಜಿನವೂ ಇದ್ದವು, ಮಠದ ಉಪನ್ಯಾಸದಲ್ಲಿ ಕೇಳಿದವೂ ಇದ್ದವು. ಅವನ್ನೆಲ್ಲ ಬಿಟ್ಟು ಬಗ್ಗಿ ಚೆಲ್ಲಿದ ರಾಗಿಯನ್ನು ಗೋರಿ ಮೊರಕ್ಕೆ ಹಾಕಿದಳು. ಅಳು ನಿಂತ ಮೇಲೆ ಕೇಳಿದಳು: “ಹಿಂಗ್ ಮಾಡಿ ಅಂತ ನಾನು ಹೇಳಲ್ಲ ಅಂಜಿನಮ್ಮ. ಒಂದ್ಸಲ ಹೇಳಿ ಕೆಟ್ಟಿದೀನಿ. ನಿಮ್ಮಲ್ಲಿ ಎಡೆ ತಪ್ಪೋದ್ರೆ ಏನ್ ಮಾಡ್ತಾರೆ? ನೀವೇ ಹೇಳ್ಕೊಡಿ ನನಗೆ.”

ಅಂಜಿನಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ಏನ್ ಮಾಡ್ತಾರೆ? ಅದು ಇರೋ ತಾವೇ ಓಗಿ, ತಪ್ಪಾಯ್ತು ಅಂತ ಕೇಳ್ಕಂಡು, ಇಕ್ಕೋದು.”

“ಅಮಾವಾಸ್ಯೆ ಹೋಯ್ತಲ್ಲ?”

“ಕೂಸ್ಗೆ ಅಮಾಸೆ ಉಣ್ಣಿಮೆ ಗೊತ್ತಾದಾ? ಅಸಿವು ಗೊತ್ತಾಯ್ತದೆ, ಅಷ್ಟೇಯ.”

“ಶೆಡ್ಡಿನೊಳಗೆ ಹೊರಗಿನೋರನ್ನ ಬಿಡಲ್ಲ. ಬರ್ಕೊಟ್ರೆ ಕಾಗದ ಓಡಾಡೋಕೇ ಒಂದು ವರ್ಷ ಆಗತ್ತೆ.”

ಅಂಜಿನಮ್ಮ ಅವಳನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. “ಓದ್ದೋರ್ಗೆ ಇಷ್ಟೂ ತಿಳಿಯಾಕಿಲ್ವಾ? ಬುಧ್ವಾರ ಆಯ್ದ ಪೂಜೆ. ಅವತ್ತು ಎಂಡ್ರು ಮಕ್ಳು ಎಲ್ರುನೂ ಒಳೀಕ್ ಬಿಡ್ತಾರೆ. ಮಿಸನ್ ಮುಂದೆ ಎಡೆ ಇಕ್ಕುದ್ರೆ ಯಾವನ್ ಕೇಳ್ತಾನೆ?”

ಕೃಷ್ಣವೇಣಿ ಆರು ವರ್ಷ ಆಯುಧಪೂಜೆಯ ಕಡಲೆಪುರಿ ತಿಂದಿದ್ದಳು, ಅವಳಿಗೆ ಹೊಳೆದಿರಲಿಲ್ಲ.

ಬುಧವಾರ ಕಾರ್ಖಾನೆಯಲ್ಲಿ ಯಂತ್ರಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದವು. ಮಾವಿನ ತೋರಣ, ಚೆಂಡುಹೂವು, ಬೂದುಗುಂಬಳಕಾಯಿಯ ಮೇಲೆ ಕುಂಕುಮ. ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಅಪ್ಪನ ಯಂತ್ರ ಯಾವುದು ಎಂದು ಓಡಾಡುತ್ತಿದ್ದವು. ಕೃಷ್ಣವೇಣಿ ಹೇಳಿಕಳಿಸಿದ್ದರಿಂದ ಕದಿರಪ್ಪನೂ ಬಂದು ಬಂಡೆಯ ಹತ್ತಿರ ಒಬ್ಬನೇ ನಿಂತಿದ್ದ. ಬರುತ್ತಾಳೋ ಇಲ್ಲವೋ ಎಂದು ಗೇಟಿನ ಕಡೆಯೇ ಕಣ್ಣು. ಹೇಳಿದ ಹೊತ್ತು ಮೀರಿತು. ಕುಂಬಳಕಾಯಿ ಒಡೆದೂ ಆಯಿತು. ಇನ್ನು ಬರುವುದಿಲ್ಲ ಎಂದು ಕೃಷ್ಣವೇಣಿಯೂ ಅಂದುಕೊಳ್ಳುವ ಹೊತ್ತಿಗೆ ತಲೆಯ ಮೇಲೆ ಬುಟ್ಟಿ ಹೊತ್ತು ಅಂಜಿನಮ್ಮ ಬಂದಳು.

ಗಂಡನ ಕಡೆ ನೋಡಲಿಲ್ಲ. “ತೋರ್ಸು” ಎಂದಳು.

ಅವನು ಬಂಡೆಗೆ ಬೆನ್ನು ಕೊಟ್ಟು ಹೊರಟ. ಅವಳು ಹಿಂದೆ ಹಿಂದೆ, ಬಾಯಲ್ಲಿ ಎಣಿಸುತ್ತ. ಶೆಡ್ಡಿನ ಬಾಗಿಲಿಗೆ ಇಪ್ಪತ್ತೆಂಟಾಯಿತು. ನಲವತ್ತಕ್ಕೆ ಅವನು ನಿಂತ. ಪ್ರೆಸ್ಸಿನ ಹಿಡಿಗೆ ಯಾರೋ ಹೂವು ಸುತ್ತಿದ್ದರು. ಅಂಜಿನಮ್ಮ ಬುಟ್ಟಿ ಇಳಿಸಿ, ಎಲೆ ಹಾಸಿ, ಹಾಲನ್ನ ಬಡಿಸಿ, ಬೆಲ್ಲ ಇಟ್ಟು, ಪಕ್ಕದಲ್ಲಿ ಹಳದಿ ಅಂಗಿ ಮಡಿಸಿಟ್ಟಳು. ಅಂಗೈಯನ್ನು ಸಿಮೆಂಟು ನೆಲಕ್ಕೆ ಒತ್ತಿದಳು. “ತಪ್ಪಾಯ್ತು ಕಣೋ ಮಗಾ. ಅವ್ವುಂಗೆ ದಾರಿ ತಪ್ಪೋಗಿತ್ತು. ಉಣ್ಣು” ಎಂದಳು. ಕದಿರಪ್ಪ ಚಿಕ್ಕ ಹುಡುಗನ ಹಾಗೆ ದನಿ ತೆಗೆದು ಅತ್ತ. ಪಕ್ಕದ ಯಂತ್ರದವರು ಇತ್ತ ತಿರುಗಿದರು, ಎಲೆ ನೋಡಿದರು, ಅಂಗಿ ನೋಡಿದರು. ಅವರೂ ಆ ಹೊಲಗಳವರೇ. ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಬಂದು ನಿಂತರು.

ಮುಂದಿನದನ್ನೂ ಈಗಲೇ ಹೇಳಿಬಿಡುವುದು ವಾಸಿ, ಎಲ್ಲ ಸರಿಹೋಯಿತೆಂದು ಯಾರೂ ತಿಳಿಯಬಾರದು. ಆ ಕೈ ಪ್ರೆಸ್ಸಿನ ಹಿಡಿಯನ್ನು ಮತ್ತೆ ಹಿಡಿಯಲೇ ಇಲ್ಲ. ಕೃಷ್ಣವೇಣಿ ವರದಿಯಲ್ಲಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದಳು. “ಹಿಂಗ್ ಬರೆದ್ರೆ ಬೋರ್ಡಿನೋರು ನಿಮ್ಮನ್ನೇ ಪರೀಕ್ಷೆ ಮಾಡ್ತಾರೆ ಕಣ್ರೀ” ಎಂದು ಸೇತುರಾಮ ತಲೆ ಚಚ್ಚಿಕೊಂಡರೂ ಸಹಿ ಹಾಕಿದರು. ಬೋರ್ಡು ಕದಿರಪ್ಪನನ್ನು ಕಡಿಮೆ ಸಂಬಳದ ತೋಟದ ಕೆಲಸಕ್ಕೆ ಹಾಕಿತು. ಗುದ್ದಲಿ ಹಿಡಿಯಲು ಆ ಬೆರಳು ಮಡಚಿದವು. ಅಂಜಿನಮ್ಮ ಕಾರ್ತೀಕ ಕಳೆದ ಮೇಲೆ ಮನೆಗೆ ಬಂದಳು. ಗಂಡನ ಮೇಲೆ ಮೊದಲಿನ ನಂಬಿಕೆ ಬರಲಿಲ್ಲ, ಬರುವುದೂ ಇಲ್ಲ ಎಂದು ಅವಳೇ ಹೇಳುತ್ತಿದ್ದಳು. ಕೃಷ್ಣವೇಣಿ ಮಾತ್ರ ಆಮೇಲೆ ಬೆಂಚಿಗೆ ಬಂದವರನ್ನೆಲ್ಲ ಒಂದು ಪ್ರಶ್ನೆ ಹೆಚ್ಚಾಗಿ ಕೇಳುತ್ತಿದ್ದಳು: “ಎಷ್ಟು ಮಕ್ಕಳು? ಹೋದೋರನ್ನೂ ಸೇರಿಸಿ ಹೇಳಿ.”

ಆ ಪ್ರಶ್ನೆ ಅವಳದಲ್ಲ. ಆವತ್ತು ಎಡೆ ಮುಗಿದ ಮೇಲೆ ಅಂಜಿನಮ್ಮ ಕೇಳಿದ್ದು.

“ನಿಮ್ಗೆಷ್ಟು ಮಕ್ಳಮ್ಮಾ?”

“ಇಬ್ರು.”

“ಓಗಿರೋವೂ ಸೇರಿ?”

 ಅಂಜಿನಮ್ಮ ಕೃಷ್ಣವೇಣಿಯ ಮುಖ ನೋಡಿದಳು. ಎಲೆಯ ಪಕ್ಕದ ಹಳದಿ ಅಂಗಿ ತೆಗೆದು ಅವಳ ಕೈಗಿಟ್ಟು, “ಈ ವರ್ಸುದ್ದು ನಿಮ್ದು. ಯಾರ್ಗೆ ಆಕ್ತೀರೋ ಆಕಿ” ಎಂದಳು.

ಸಂಜೆ ಆರ್.ಟಿ. ನಗರದ ಮನೆಯ ಮುಂದೆ ಉಪೇಂದ್ರ ಸ್ಕೂಟರು ತೊಳೆದು, ಹೂ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ಹುಡುಗರು ಬೀದಿಯಲ್ಲಿದ್ದರು. ಅವಳು ಬಂದು ಮೆಟ್ಟಿಲ ಮೇಲೆ ಕೂತಳು. ಮಡಿಲಲ್ಲಿ ಅಂಗಿ.

“ಯಾರಿಗೆ ಅದು?” ಎಂದ.

ಅವಳು ಹೇಳಿದಳು. ಬಂಡೆ, ನಲವತ್ತು ಹೆಜ್ಜೆ, ಹಾಲನ್ನ, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಹದಿಮೂರು ವರ್ಷದಿಂದ ಎದೆಯಲ್ಲಿ ಕೂತಿದ್ದ ಪ್ರಶ್ನೆ ತಾನಾಗಿ ಹೊರಬಿತ್ತು.

“ನಮ್ಮದನ್ನ ಎಲ್ಲಿ ಇಟ್ರಿ ರೀ?”

ಉಪೇಂದ್ರ ಕೈಯಲ್ಲಿದ್ದ ನಿಂಬೆಹಣ್ಣನ್ನು ತಿರುಗಿಸುತ್ತ ನಿಂತ. ಆಮೇಲೆ ಬಂದು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ.

“ಯಶವಂತಪುರ ದಾಟಿದ ಮೇಲೆ ಒಂದು ತಿರುವು ಬರತ್ತಲ್ಲ, ಬೇವಿನಮರ ಇದೆ ನೋಡು, ರಸ್ತೆ ಪಕ್ಕದಲ್ಲೇ. ಅದರ ಬುಡದಲ್ಲಿ. ನಿನಗೆ ಹೇಳಕೂಡದು ಅಂತ ಅಪ್ಪ ಆಣೆ ಹಾಕಿಸ್ಕೊಂಡಿದ್ರು.” ನಿಂಬೆಹಣ್ಣನ್ನು ಮೆಟ್ಟಿಲ ಮೇಲಿಟ್ಟ. “ನೀನು ಫ್ಯಾಕ್ಟರಿಗೆ ಸೇರ್ದಾಗ ಬಸ್ಸು ಅಲ್ಲೇ ಹೋಗತ್ತೆ ಅಂತ ಗೊತ್ತಾಯ್ತು. ಹೇಳೋ ಹಾಗಿಲ್ಲ. ಅದಕ್ಕೇ ದಿನಾ...”

“ಎಡಗಡೆ ಕಿಟಕಿ” ಎಂದಳು ಕೃಷ್ಣವೇಣಿ.

“ದಿನಕ್ಕೊಂದ್ಸಲ ಆದ್ರೂ ನೀನು ಅದನ್ನ ನೋಡಿದ ಹಾಗಾಗ್ಲಿ ಅಂತ.”

ಆರು ವರ್ಷ. ಆರು ವರ್ಷ ಆ ಬೇವಿನಮರವನ್ನು ದಿನವೂ ನೋಡಿದ್ದಳು. ಅದು ಹೂ ಬಿಟ್ಟದ್ದು ನೋಡಿದ್ದಳು, ಅದಕ್ಕೆ ಪೋಸ್ಟರು ಹೊಡೆದದ್ದು ನೋಡಿದ್ದಳು. ಸಿಟ್ಟು ಬಂತು, ದುಃಖ ಬಂತು, ಗಂಡನ ಬೆನ್ನಿಗೆ ಗುದ್ದಿದಳು, ಅದೇ ಬೆನ್ನಿಗೆ ಮುಖ ಒತ್ತಿ ಅತ್ತಳು. ಅವನು ಸುಮ್ಮನೆ ಗುದ್ದಿಸಿಕೊಂಡ. ಬೀದಿಯಲ್ಲಿ ಯಾರೋ ಕುಂಬಳಕಾಯಿ ಒಡೆದರು.

“ಹೆಸರೂ ಇಡ್ಲಿಲ್ಲ ಅದಕ್ಕೆ” ಎಂದಳು.

“ಇಟ್ಟಿದೀನಿ. ಮಣ್ಣು ಹಾಕೋ ಮುಂಚೆ ಕಿವೀಲಿ ಹೇಳ್ದೆ. ಪುಟ್ಟಲಕ್ಷ್ಮಿ ಅಂತ. ಅಪ್ಪಂಗೂ ಗೊತ್ತಿರ್ಲಿಲ್ಲ.”

ಕೃಷ್ಣವೇಣಿ ಆ ಹೆಸರನ್ನು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿದಳು. ಕಣ್ಣೊರೆಸಿಕೊಂಡು ಅಂಗಿಯನ್ನು ಮಂಡಿಯ ಮೇಲೆ ಹರಡಿ ಮಡಿಸಿದಳು, ಒಂಬತ್ತು ದಿನದ ಕೂಸಿಗೆ ಅದು ದೊಡ್ಡದೇ. ಎದ್ದು ನಿಂತಳು.

“ಹಾಲಿನವಳ ಮನೆಗೆ ಹೋಗಿ ಬನ್ನಿ. ನಾಳೆ ಬೆಳಿಗ್ಗೆ ಹಾಲನ್ನಕ್ಕೆ ಅರ್ಧ ಲೀಟರ್ ಜಾಸ್ತಿ ಬೇಕು ಅಂತ ಹೇಳಿ.”